ಪರಕೀಯರ ಆಳ್ವಿಕೆಯಲ್ಲಿ ರಾಷ್ಟ್ರೀಯ ಪಕ್ಷಗಳು ಹುಟ್ಟಿ ಬೆಳೆದ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಾತಂತ್ರ್ಯ ಚಳವಳಿಗಳ ಕಥೆಯನ್ನು ನಾವು ಹೆಚ್ಚಾಗಿ ಭಾಷಣ, ಮೆರವಣಿಗೆ, ಜೈಲುವಾಸಗಳ ಮೂಲಕ ಕೇಳಿರುತ್ತೇವೆ. ಇಲ್ಲಿ ಗಮನ ಬೇರೆ ಕಡೆಗಿದೆ. ಸದಸ್ಯತ್ವದ ವಂತಿಗೆ ಎಷ್ಟಿತ್ತು, ಶಾಖೆಗೆ ಹೊಣೆ ಯಾರು, ಪ್ರತಿನಿಧಿಯನ್ನು ಆರಿಸುತ್ತಿದ್ದವರು ಯಾರು, ಸರ್ಕಾರದ ಕಾನೂನು ಯಾವ ಬಾಗಿಲು ಮುಚ್ಚಿತ್ತು? ಒಂದು ಪಕ್ಷ ಉಳಿಯಿತೋ ಅಳಿಯಿತೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಇವೇ.

ದಂಗೆಗೂ ಪಕ್ಷಕ್ಕೂ ಏನು ವ್ಯತ್ಯಾಸ?

ದಂಗೆಗೆ ಒಬ್ಬ ನಾಯಕ, ಒಂದು ಸೀಮೆ, ಒಂದು ತಕ್ಷಣದ ಕಾರಣ ಇದ್ದರೆ ಸಾಕು. ನಾಯಕ ಸತ್ತರೆ ಅಥವಾ ಸೆರೆಯಾದರೆ ಅದು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಪಕ್ಷಕ್ಕೆ ಲಿಖಿತ ನಿಯಮಾವಳಿ, ಸದಸ್ಯರ ಪಟ್ಟಿ, ಲೆಕ್ಕಪುಸ್ತಕ, ಅವಧಿ ಮುಗಿದ ಮೇಲೆ ಬದಲಾಗುವ ಪದಾಧಿಕಾರಿಗಳು ಬೇಕು. ಒಬ್ಬರು ಹೋದರೆ ಇನ್ನೊಬ್ಬರು ಅದೇ ಕುರ್ಚಿಯಲ್ಲಿ ಕೂರುವ ವ್ಯವಸ್ಥೆಯೇ ಪಕ್ಷ. ಇನ್ನೂ ಒಂದು ಮಾತಿದೆ. ದಂಗೆ ತನ್ನ ಸೀಮೆಯ ಪರವಾಗಿ ಎದ್ದರೆ, ರಾಷ್ಟ್ರೀಯ ಪಕ್ಷ ವಸಾಹತಿನ ಇಡೀ ಗಡಿಯೊಳಗಿನ ಜನರ ಪರವಾಗಿ ಮಾತಾಡುತ್ತೇನೆ ಎನ್ನುತ್ತದೆ. ಆ ಗಡಿಯನ್ನು ಎಳೆದವರು ಪರಕೀಯರೇ ಆಗಿದ್ದರು ಎಂಬುದರಿಂದ ಮುಂದೆ ಎಷ್ಟೋ ತೊಡಕುಗಳು ಹುಟ್ಟಿದವು.

ಇವನ್ನು ಮೊದಲು ಕಟ್ಟಿದವರು ಯಾರು?

ಆಳುವವರ ಶಾಲೆಗಳಲ್ಲೇ ಓದಿದವರು: ವಕೀಲರು, ವೈದ್ಯರು, ಉಪಾಧ್ಯಾಯರು, ಪತ್ರಕರ್ತರು. 1885ರ ಡಿಸೆಂಬರ್ 28ರಂದು ಮುಂಬಯಿಯ ಗೋಕುಲದಾಸ ತೇಜಪಾಲ ಸಂಸ್ಕೃತ ಕಾಲೇಜಿನಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಸೇರಿದ 72 ಪ್ರತಿನಿಧಿಗಳಲ್ಲಿ ವಕೀಲರದೇ ದೊಡ್ಡ ಪಾಲು, ಅಧ್ಯಕ್ಷರಾದ ಡಬ್ಲ್ಯು.ಸಿ. ಬ್ಯಾನರ್ಜಿಯವರೂ ಬ್ಯಾರಿಸ್ಟರ್. ಡಚ್ಚರ ವಶದಲ್ಲಿದ್ದ ಇಂಡೋನೇಷ್ಯಾದಲ್ಲಿ 1908ರ ಮೇ 20ರಂದು ಬುಡಿ ಉಟೊಮೊ ಕಟ್ಟಿದವರು ಬಟಾವಿಯಾದ ವೈದ್ಯಕೀಯ ಶಾಲೆಯ ವಿದ್ಯಾರ್ಥಿಗಳು.

ಓದಿದವರೇ ಯಾಕೆ ಎಂದರೆ, ಸಭೆ ಕರೆಯುವುದು, ನಿರ್ಣಯ ಬರೆಯುವುದು, ನಡಾವಳಿ ದಾಖಲಿಸುವುದು, ಅರ್ಜಿಯನ್ನು ಕಾನೂನಿನ ಭಾಷೆಯಲ್ಲಿ ಹೊಂದಿಸುವುದು ಅವರಿಗೆ ಗೊತ್ತಿತ್ತು. ಓದಿದ ಮೇಲೂ ಮೇಲಿನ ಹುದ್ದೆಗಳಲ್ಲಿ ಬಿಳಿಯರೇ ಕೂತಿದ್ದನ್ನು ದಿನವೂ ನೋಡಿದವರು ಅವರೇ. ಆದರೆ ಓದಿದವರಿಂದಲೇ ಎಲ್ಲ ಆಯಿತು ಎನ್ನುವುದು ತಪ್ಪು. ಇಂಡೋನೇಷ್ಯಾದಲ್ಲಿ ಮೊದಲ ದೊಡ್ಡ ಜನಸಂಘಟನೆಯಾದ ಸರೇಕತ್ ಇಸ್ಲಾಂ ಹುಟ್ಟಿದ್ದು ಸುರಕಾರ್ತದ ಬಾಟಿಕ್ ಬಟ್ಟೆ ವ್ಯಾಪಾರಿಗಳ ಕೂಟದಿಂದ. ಬುಡಿ ಉಟೊಮೊ ಜಾವಾದ ಗಣ್ಯರ ಬಳಗವಾಗಿಯೇ ಉಳಿದರೆ, ಸರೇಕತ್ ಇಸ್ಲಾಂ ಕೆಲವೇ ವರ್ಷಗಳಲ್ಲಿ ಹಳ್ಳಿಗಳನ್ನು ತಲುಪಿತು.

ಗಣ್ಯರ ಸಭೆ ಜನರ ಪಕ್ಷವಾಗಲು ಏನೇನು ಬದಲಾಗಬೇಕಿತ್ತು?

ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಕಾಂಗ್ರೆಸ್ಸಿನ 1920ರ ನಾಗಪುರ ಅಧಿವೇಶನ. ಅದಕ್ಕೆ ಹಿಂದಿನ ಕಾಂಗ್ರೆಸ್ ಡಿಸೆಂಬರಿನಲ್ಲಿ ಕೆಲವು ದಿನ ಸೇರಿ, ನಿರ್ಣಯ ಮಾಡಿ, ಚದುರುವ ಸಭೆ. ಪ್ರತಿನಿಧಿಯನ್ನು ಯಾವುದಾದರೂ ಸಾರ್ವಜನಿಕ ಸಭೆ ಆರಿಸಿದರೂ ನಡೆಯುತ್ತಿತ್ತು. ಹಾಗಾಗಿ ಅಧಿವೇಶನ ಎಲ್ಲಿ ನಡೆಯುತ್ತದೋ ಆ ಊರಿನ ಸುತ್ತಮುತ್ತಲಿನವರೇ ಮುಗಿಬೀಳುತ್ತಿದ್ದರು.

ನಾಗಪುರದ ನಿಯಮಾವಳಿ ನಾಲ್ಕು ಕೆಲಸ ಮಾಡಿತು. ಕಾಂಗ್ರೆಸ್ಸಿನ ಗುರಿಯನ್ನೂ ವಿಧಾನವನ್ನೂ ಒಪ್ಪಿ ಬರೆದುಕೊಟ್ಟು ವರ್ಷಕ್ಕೆ ನಾಲ್ಕಾಣೆ ಕೊಟ್ಟ ಯಾರಾದರೂ ಸದಸ್ಯರಾಗಬಹುದೆಂದಿತು. 50,000 ಜನಸಂಖ್ಯೆಗೆ ಒಬ್ಬರಂತೆ ಪ್ರತಿನಿಧಿಗಳ ಮಿತಿ ಹಾಕಿತು. ವರ್ಷವಿಡೀ ಕೆಲಸ ಮಾಡಲು 15 ಜನರ ಕಾರ್ಯಕಾರಿ ಸಮಿತಿಯನ್ನೂ, ಅದರ ಹಿಂದೆ ಸುಮಾರು 350 ಜನರ ಅಖಿಲ ಭಾರತ ಸಮಿತಿಯನ್ನೂ ನಿಲ್ಲಿಸಿತು. ಕೊನೆಯದಾಗಿ, ಪ್ರಾಂತ ಸಮಿತಿಗಳನ್ನು ಬ್ರಿಟಿಷರ ಆಡಳಿತ ವಿಭಾಗದಂತೆ ಮಾಡದೆ ಭಾಷೆಯ ಆಧಾರದಲ್ಲಿ ಕಟ್ಟಿತು.

ಈ ನಾಲ್ಕನೆಯ ನಿಯಮದ ತೂಕ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಮುಂಬಯಿ, ಮದರಾಸು, ಕೊಡಗು, ನಿಜಾಮನ ರಾಜ್ಯ, ಮೈಸೂರು ಎಂದು ಹಂಚಿಹೋಗಿದ್ದ ಜನಕ್ಕೆ ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿಯಲ್ಲಿ ಒಂದೇ ಹೆಸರು ಸಿಕ್ಕಿತು. ನಕ್ಷೆಯ ಮೇಲೆ ಕರ್ನಾಟಕ ಒಂದಾಗಲು 1956 ಬರಬೇಕಾಯಿತು. ಪಕ್ಷದ ಕಡತದಲ್ಲಿ ಅದು ಮೂರೂವರೆ ದಶಕ ಮೊದಲೇ ಒಂದಾಗಿತ್ತು. ತಾಲ್ಲೂಕಿನ ಕಾರ್ಯಕರ್ತರು ವರದಿಯನ್ನು ತಮ್ಮ ಭಾಷೆಯಲ್ಲೇ ಬರೆದು ಮೇಲಿನ ಸಮಿತಿಗೆ ಕಳಿಸಬಹುದಾದಾಗ ಇಂಗ್ಲಿಷ್ ಬಾರದವರೂ ಪದಾಧಿಕಾರಿಗಳಾದರು. ನಮ್ಮ ಅಭಿಪ್ರಾಯದಲ್ಲಿ ನಾಗಪುರದ ನಿಜವಾದ ಸಾಧನೆ ಇದು.

ಹಣ ಎಲ್ಲಿಂದ ಬರುತ್ತಿತ್ತು?

ಮೂರು ಮೂಲಗಳು: ಸದಸ್ಯರ ವಂತಿಗೆ, ದೊಡ್ಡ ವ್ಯಾಪಾರಿಗಳ ದೇಣಿಗೆ, ವಿಶೇಷ ನಿಧಿಗಳು. 1921ರಲ್ಲಿ ಬೆಜವಾಡದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಜೂನ್ 30ರ ಗಡುವಿಟ್ಟು ತಿಲಕ್ ಸ್ವರಾಜ್ಯ ನಿಧಿಗೆ ಒಂದು ಕೋಟಿ ರೂಪಾಯಿ, ಒಂದು ಕೋಟಿ ಸದಸ್ಯರು, 20 ಲಕ್ಷ ಚರಕಗಳ ಗುರಿ ಹಾಕಿತು. ಹಣದ ಗುರಿ ಮುಟ್ಟಿತು, ಸದಸ್ಯರದ್ದು ಮುಟ್ಟಲಿಲ್ಲ.

ಲೆಕ್ಕ ಹಾಕಿ ನೋಡಿ: ರೂಪಾಯಿಗೆ 16 ಆಣೆ, ಅಂದರೆ ನಾಲ್ಕು ಸದಸ್ಯರಿಗೆ ಒಂದು ರೂಪಾಯಿ. ಕೋಟಿ ಸದಸ್ಯರು ಸೇರಿದ್ದರೂ ವಂತಿಗೆಯಿಂದ ಬರುತ್ತಿದ್ದದ್ದು 25 ಲಕ್ಷ. ಉಳಿದದ್ದಕ್ಕೆ ಉಳ್ಳವರ ಕೈ ನೋಡಲೇಬೇಕಿತ್ತು. ಸಣ್ಣ ವಂತಿಗೆಯ ಮುಖ್ಯ ಪ್ರಯೋಜನ ಖಜಾನೆ ತುಂಬುವುದಾಗಿರಲಿಲ್ಲ. ಅದು ಬಡ ಸದಸ್ಯರ ಕೈಗೆ ಹಕ್ಕು ಕೊಡುತ್ತಿತ್ತು, ಶಾಖೆಗೆ ಪ್ರತಿ ವರ್ಷ ಮನೆ ಮನೆಗೆ ಹೋಗಲು ಕಾರಣ ಕೊಡುತ್ತಿತ್ತು. ವಂತಿಗೆ ವಸೂಲಿ ನಿಂತ ಕಡೆ ಶಾಖೆಯೂ ಸಾಯುತ್ತಿತ್ತು.

ಹಣದ ಬದಲು ನೂಲು ಕೊಡಬೇಕಿತ್ತಂತೆ, ನಿಜವೇ?

ನಿಜ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನ ಸದಸ್ಯತ್ವಕ್ಕೆ ತಿಂಗಳಿಗೆ 2,000 ಗಜ ನೂಲು ಎಂಬ ನಿಯಮಕ್ಕೆ ಒಪ್ಪಿಗೆ ಕೊಟ್ಟಿತು. ದುಡಿಮೆಯೇ ವಂತಿಗೆಯಾಗಲಿ, ವಿದ್ಯಾವಂತರೂ ಕೈಯಿಂದ ಏನಾದರೂ ಮಾಡಲಿ ಎಂಬ ಆಶಯ ದೊಡ್ಡದಿತ್ತು. ನಡೆಸುವುದು ಕಷ್ಟವಾಯಿತು: ನೂಲನ್ನು ಅಳೆಯಬೇಕು, ಗುಣ ನೋಡಬೇಕು, ಸಾಗಿಸಬೇಕು, ಕೊಂಡ ನೂಲನ್ನು ತನ್ನದೆಂದು ಕೊಡುವವರನ್ನು ತಡೆಯಬೇಕು. ಸದಸ್ಯರ ಸಂಖ್ಯೆ ಕುಸಿಯಿತು. 1925ರಲ್ಲೇ ಪಟ್ನಾದಲ್ಲಿ ನಿಯಮ ಸಡಿಲಿಸಿ ನಾಲ್ಕಾಣೆಯ ದಾರಿಯನ್ನು ಮತ್ತೆ ತೆರೆದರು.

ತಮ್ಮನ್ನೇ ಓಡಿಸಲು ಹೊರಟ ಪಕ್ಷಗಳಿಗೆ ಸರ್ಕಾರಗಳು ಅವಕಾಶ ಕೊಟ್ಟದ್ದು ಯಾಕೆ?

ಎಲ್ಲರೂ ಕೊಡಲಿಲ್ಲ. ಕೊಟ್ಟವರೂ ಅಳೆದೇ ಕೊಟ್ಟರು. ಒಂದು ಸಂಘ ಇದ್ದರೆ ಅತೃಪ್ತಿ ಎಲ್ಲಿದೆಯೆಂದು ತಿಳಿಯುತ್ತದೆ, ಮಾತಾಡಲು ಒಬ್ಬ ವಕ್ತಾರ ಸಿಗುತ್ತಾನೆ, ಗುಪ್ತ ಸಂಘಗಳಿಗಿಂತ ಬಯಲಿನ ಸಂಘ ವಾಸಿ ಎಂಬುದು ಅವರ ಲೆಕ್ಕ.

ಡಚ್ಚರು ಸರೇಕತ್ ಇಸ್ಲಾಮಿನ ಜೊತೆ ನಡೆದುಕೊಂಡ ರೀತಿಯನ್ನು ಬಿಡಿಸಿ ನೋಡಬೇಕು. ಕೇಂದ್ರ ಸಂಸ್ಥೆಗೆ ಕಾನೂನು ಮಾನ್ಯತೆ ಕೊಡಲು ಗವರ್ನರ್ ಜನರಲ್ ಐಡೆನ್‌ಬರ್ಗ್ 1913ರಲ್ಲಿ ಒಪ್ಪಲಿಲ್ಲ. ಪ್ರತಿ ಊರಿನ ಶಾಖೆ ಬೇರೆಬೇರೆಯಾಗಿ ಮಾನ್ಯತೆ ಪಡೆಯಲಿ ಎಂದರು. ಕೇಂದ್ರ ಸಂಸ್ಥೆಗೆ ಮಾನ್ಯತೆ ಸಿಕ್ಕಿದ್ದು 1916ರಲ್ಲಿ. ಅಷ್ಟರಲ್ಲಿ ಶಾಖೆಗಳು ತಮ್ಮದೇ ದಾರಿ ಹಿಡಿದಿದ್ದವು. ಸೆಮರಾಂಗ್ ಶಾಖೆ ಸೆಮಾವುನ್ ಕೈಯಲ್ಲಿ ಕಮ್ಯುನಿಸ್ಟರ ನೆಲೆಯಾಯಿತು. 1921ರಲ್ಲಿ ಎರಡು ಸಂಘಟನೆಗಳಲ್ಲಿ ಸದಸ್ಯರಾಗಿರುವಂತಿಲ್ಲ ಎಂಬ ಶಿಸ್ತನ್ನು ಕೇಂದ್ರ ತಂದಾಗ ಪಕ್ಷ ಸೀಳಿಹೋಯಿತು. ಒಂದು ಮಾನ್ಯತೆಯ ಪತ್ರವನ್ನು ತಡೆಹಿಡಿದು ಇಷ್ಟು ದೊಡ್ಡ ಸಂಘಟನೆಯ ಬೆನ್ನೆಲುಬನ್ನೇ ದುರ್ಬಲಗೊಳಿಸಬಹುದು.

ಭಾರತದಲ್ಲಿ ಬಳಸಿದ ಹತಾರಗಳು ಬೇರೆ. ರಾಜದ್ರೋಹದ 124ಎ ವಿಧಿಯಡಿ 1908ರಲ್ಲಿ ತಿಲಕರಿಗೆ ಆರು ವರ್ಷ ಮಾಂಡಲೆ ಜೈಲು. ಅದೇ ವರ್ಷದ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆಯಿಂದ ಯಾವ ಸಂಘವನ್ನಾದರೂ ಕಾನೂನುಬಾಹಿರವೆಂದು ಸಾರಬಹುದಿತ್ತು. 1910ರ ಪತ್ರಿಕಾ ಕಾಯ್ದೆ ಹೊಸ ಮುದ್ರಣಾಲಯಗಳಿಂದ 500ರಿಂದ 2,000 ರೂಪಾಯಿ ಠೇವಣಿ ಕೇಳುತ್ತಿತ್ತು. ಸರ್ಕಾರಕ್ಕೆ ಹಿಡಿಸದ್ದನ್ನು ಅಚ್ಚು ಹಾಕಿದರೆ ಅದು ಮುಟ್ಟುಗೋಲು. ಸಣ್ಣ ಊರಿನ ಪತ್ರಿಕೆಯೊಂದು ಬಾಗಿಲು ಹಾಕಲು ಒಂದು ಠೇವಣಿ ಹೋದರೆ ಸಾಕಿತ್ತು.

ಪ್ರಜೆಗಳ ಪರ ಮಾತಾಡಲು ನಿಮಗೇನು ಅಧಿಕಾರ ಎಂದು ಆಳುವವರು ಕೇಳಿದರೆ?

ಈಜಿಪ್ಟಿನಲ್ಲಿ ಈ ಪ್ರಶ್ನೆಯಿಂದಲೇ ಒಂದು ಪಕ್ಷ ಬೆಳೆಯಿತು. 1918ರ ನವೆಂಬರ್ 13ರಂದು ಸಾದ್ ಜಗ್ಲುಲ್ ಮತ್ತು ಇಬ್ಬರು ಸಂಗಡಿಗರು ಬ್ರಿಟಿಷ್ ಹೈಕಮಿಷನರ್ ವಿಂಗೇಟರನ್ನು ಕಂಡು ಸ್ವಾತಂತ್ರ್ಯದ ಮಾತೆತ್ತಿದರು. ಅವರ ಪ್ರಾತಿನಿಧ್ಯವನ್ನೇ ಪ್ರಶ್ನಿಸಲಾಯಿತು. ಆಗ ಅವರು ದೇಶದ ಪರವಾಗಿ ಮಾತಾಡಲು ಇವರಿಗೆ ಅಧಿಕಾರ ಕೊಟ್ಟಿದ್ದೇವೆ ಎಂಬ ಮುಖ್ತಿಯಾರ್ ಪತ್ರಗಳನ್ನು ಊರೂರಿಗೆ ಕಳಿಸಿ ಸಹಿ ಸಂಗ್ರಹಿಸತೊಡಗಿದರು. ಸರ್ಕಾರ ಪತ್ರಗಳನ್ನು ಜಪ್ತಿ ಮಾಡಿತು. ಆದರೆ ಸಹಿಗಾಗಿ ತಿರುಗಾಡಿದ ಜನರ ಜಾಲ ಉಳಿಯಿತು. 1919ರ ಮಾರ್ಚಿನಲ್ಲಿ ಜಗ್ಲುಲರನ್ನು ಮಾಲ್ಟಾಕ್ಕೆ ಗಡೀಪಾರು ಮಾಡಿದಾಗ ದೇಶವೇ ಎದ್ದಿತು. ವಫ್ದ್ ಪಕ್ಷದ ಬೇರು ಅದು. 1924ರ ಚುನಾವಣೆಯಲ್ಲಿ ಭಾರಿ ಬಹುಮತ ಬಂತು.

ನಾಯಕರೆಲ್ಲ ಸೆರೆಯಾದಾಗ ಪಕ್ಷ ಹೇಗೆ ನಡೆಯುತ್ತಿತ್ತು?

ನಡೆದವುಗಳಿಗೆ ಮೊದಲೇ ಸಿದ್ಧತೆ ಇತ್ತು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕಾಂಗ್ರೆಸ್ ಸಮಿತಿಗಳ ಅಧಿಕಾರವನ್ನು ಒಬ್ಬೊಬ್ಬರ ಕೈಗೆ ಒಪ್ಪಿಸಿ ಅವರನ್ನು ‘ಡಿಕ್ಟೇಟರ್’ ಎಂದು ಕರೆದರು. ಸೆರೆಗೆ ಹೋಗುವವರು ಹೋಗುವ ಮುನ್ನ ಮುಂದಿನವರನ್ನು ಹೆಸರಿಸುತ್ತಿದ್ದರು.

ಇನ್ನೊಂದು ದಾರಿ ಹೆಸರು ಬದಲಿಸುವುದು. ಅಲ್ಜೀರಿಯದ ಮೆಸ್ಸಾಲಿ ಹಾಜ್ ಅವರ ಉತ್ತರ ಆಫ್ರಿಕದ ನಕ್ಷತ್ರ ಸಂಘಟನೆ 1926ರಲ್ಲಿ ಪ್ಯಾರಿಸ್ಸಿನ ವಲಸೆ ಕಾರ್ಮಿಕರ ನಡುವೆ ಶುರುವಾಯಿತು. 1929ರಲ್ಲಿ ವಿಸರ್ಜನೆಯ ಆದೇಶ ಬಂತು. ಮತ್ತೆ ತಲೆ ಎತ್ತಿ 1937ರಲ್ಲಿ ಪುನಃ ವಿಸರ್ಜನೆಯಾಯಿತು. ಕೆಲವೇ ವಾರಗಳಲ್ಲಿ ಅಲ್ಜೀರಿಯ ಜನತಾ ಪಕ್ಷ ಎಂಬ ಹೆಸರಿನಲ್ಲಿ ಅದೇ ಜನ ನಿಂತರು. ಕಾರ್ಖಾನೆ ಮತ್ತು ಚಹಾದಂಗಡಿಗಳ ಪರಿಚಯವನ್ನು ಯಾವ ಆದೇಶವೂ ವಿಸರ್ಜಿಸಲಾರದು.

ವಿಯೆಟ್ನಾಂ ರಾಷ್ಟ್ರೀಯ ಪಕ್ಷಕ್ಕೆ ಆ ಅವಕಾಶವೇ ಸಿಗಲಿಲ್ಲ. 1927ರ ಡಿಸೆಂಬರಿನಲ್ಲಿ ಹನೋಯಿಯಲ್ಲಿ ಹುಟ್ಟಿದ ಈ ಗುಪ್ತ ಪಕ್ಷದ ಅಧ್ಯಕ್ಷ ನ್ಗುಯೆನ್ ಥಾಯ್ ಹಾಕ್. 1929ರ ಫೆಬ್ರವರಿಯಲ್ಲಿ ರಬ್ಬರ್ ತೋಟಗಳಿಗೆ ಕೂಲಿಗಳನ್ನು ಸೇರಿಸುತ್ತಿದ್ದ ಬಾಜೆನ್ ಎಂಬ ಫ್ರೆಂಚನ ಕೊಲೆಯಾಯಿತು. ಅದರ ಬೆನ್ನಿಗೆ ನೂರಾರು ಜನರ ದಸ್ತಗಿರಿ. ಉಳಿದವರು ಪಕ್ಷವೇ ಮುಗಿದುಹೋಗುವ ಮೊದಲು ಏನಾದರೂ ಮಾಡಬೇಕೆಂದು 1930ರ ಫೆಬ್ರವರಿ 10ರಂದು ಯೆನ್ ಬಾಯ್ ಸೈನಿಕ ಠಾಣೆಯಲ್ಲಿ ಬಂಡೆದ್ದರು. ಒಂದೇ ದಿನದಲ್ಲಿ ಅಡಗಿತು. ಜೂನ್ 17ರಂದು 13 ಜನರ ಶಿರಚ್ಛೇದವಾಯಿತು. ಅವರ ಧೈರ್ಯಕ್ಕೆ ಕೊರತೆ ಇರಲಿಲ್ಲ. ಹಳ್ಳಿಗಳಲ್ಲಿ ಅಡಗಲು, ಮತ್ತೆ ಕಟ್ಟಲು ಬೇಕಾದ ಬೇರು ಸಾಲದಿತ್ತು.

ಆಳುವವರ ಶಾಸನಸಭೆಗೆ ಸ್ಪರ್ಧಿಸಬೇಕೇ, ಬಹಿಷ್ಕರಿಸಬೇಕೇ ಎಂಬ ಜಗಳ ಎಲ್ಲ ಕಡೆ ಯಾಕೆ?

ಎರಡೂ ಕಡೆ ನಷ್ಟ ಇದ್ದದ್ದರಿಂದ. ಒಳಗೆ ಹೋದರೆ ಪರಕೀಯರ ನಿಯಮವನ್ನು ಒಪ್ಪಿದಂತೆ. ಹೊರಗೆ ನಿಂತರೆ ಸರ್ಕಾರಕ್ಕೆ ಬೇಕಾದವರು ಬಂದು ಕೂರುತ್ತಾರೆ. ಇದೇ ವಾದದಲ್ಲಿ 1923ರ ಜನವರಿಯಲ್ಲಿ, ಒಳಗೆ ಹೋಗುವ ಪರ ನಿಂತ ಚಿತ್ತರಂಜನ ದಾಸ್ ಮತ್ತು ಮೋತಿಲಾಲ್ ನೆಹರೂ ಸ್ವರಾಜ್ ಪಕ್ಷ ಕಟ್ಟಿದರು. ಐರ್ಲೆಂಡಿನ ಸಿನ್ ಫೇನ್ ಮೂರನೆಯ ದಾರಿ ಹಿಡಿಯಿತು: 1918ರ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಗೆದ್ದು, ಲಂಡನ್ನಿಗೆ ಹೋಗದೆ 1919ರ ಜನವರಿ 21ರಂದು ಡಬ್ಲಿನ್ನಿನಲ್ಲೇ ತನ್ನ ಸಂಸತ್ತು ಸೇರಿಸಿತು.

ಟಾಂಗನೀಕದ, ಅಂದರೆ ಇಂದಿನ ಟಾಂಜಾನಿಯಾದ ಮುಖ್ಯಭೂಮಿಯ, ಟಾನು ಪಕ್ಷದ ಮುಂದೆ ಇನ್ನೂ ಬಿಗಿಯಾದ ಗಂಟಿತ್ತು. ಬ್ರಿಟಿಷರು ತಂದ ನಿಯಮದ ಪ್ರಕಾರ ಪ್ರತಿ ಮತದಾರರೂ ಒಬ್ಬ ಆಫ್ರಿಕನ್, ಒಬ್ಬ ಏಷ್ಯನ್, ಒಬ್ಬ ಯುರೋಪಿಯನ್ ಅಭ್ಯರ್ಥಿಗೆ, ಹೀಗೆ ಮೂರು ಮತ ಹಾಕಲೇಬೇಕು. ಬಹುಸಂಖ್ಯಾತ ಆಫ್ರಿಕನ್ನರಿಗೆ ಮೂರರಲ್ಲಿ ಒಂದೇ ಪಾಲು. 1958ರ ಜನವರಿಯಲ್ಲಿ ಟಬೋರಾ ಸಮ್ಮೇಳನದಲ್ಲಿ ಜೂಲಿಯಸ್ ನೈರೇರೆ ಸ್ಪರ್ಧಿಸೋಣ ಎಂದು ಪಕ್ಷವನ್ನು ಒಪ್ಪಿಸಿದರು. ಒಪ್ಪದ ಜುಬೇರಿ ಮ್‌ಟೆಮ್ವು ಹೊರನಡೆದು ಬೇರೆ ಪಕ್ಷ ಕಟ್ಟಿದರು. ಟಾನು ತನಗೆ ಅನುಕೂಲವಾದ ಏಷ್ಯನ್ ಮತ್ತು ಯುರೋಪಿಯನ್ ಅಭ್ಯರ್ಥಿಗಳನ್ನೂ ಬೆಂಬಲಿಸಿತು. ಅದನ್ನು ಕಟ್ಟಿಹಾಕಲು ಮಾಡಿದ ನಿಯಮದಿಂದಲೇ ಮೂರೂ ವರ್ಗದ ಸ್ಥಾನಗಳು ಅದರ ಕೈಸೇರಿದವು.

ಜೈಲಿನಲ್ಲಿದ್ದವರು ಚುನಾವಣೆ ಗೆದ್ದದ್ದು ಹೇಗೆ?

ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದ ಕ್ವಾಮೆ ಎನ್‌ಕ್ರುಮಾ ಅವರ ಬಗ್ಗೆ ಈ ಪ್ರಶ್ನೆ ಬರುತ್ತದೆ. 1947ರಲ್ಲಿ ವಕೀಲರು ಮತ್ತು ವ್ಯಾಪಾರಿಗಳು ಕಟ್ಟಿದ ಸಂಯುಕ್ತ ಗೋಲ್ಡ್ ಕೋಸ್ಟ್ ಕನ್ವೆನ್ಷನ್ನಿಗೆ ಅವರು ಸಂಬಳದ ಕಾರ್ಯದರ್ಶಿಯಾಗಿ ಬಂದರು. ಯುವಕರ ಘಟಕಗಳನ್ನು ಕಟ್ಟಿದರು, ಪತ್ರಿಕೆ ಶುರುಮಾಡಿದರು. ಹಿರಿಯರು ‘ಸಾಧ್ಯವಾದಷ್ಟು ಬೇಗ ಸ್ವಯಮಾಡಳಿತ’ ಎಂದರೆ ಇವರು ‘ಈಗಲೇ’ ಎಂದರು. 1949ರ ಜೂನ್ 12ರಂದು ಕನ್ವೆನ್ಷನ್ ಪೀಪಲ್ಸ್ ಪಾರ್ಟಿ ಬೇರೆಯಾಯಿತು. ಪ್ರಾಥಮಿಕ ಶಾಲೆ ಮುಗಿಸಿದ ಯುವಕರು, ಸಂತೆಯ ವ್ಯಾಪಾರಿ ಹೆಂಗಸರು, ಮಾಜಿ ಸೈನಿಕರು ಅದರ ಬಲ.

1950ರ ಮುಷ್ಕರದ ನಂತರ ಎನ್‌ಕ್ರುಮಾ ಅವರಿಗೆ ಆದದ್ದು ಒಂದರ ಹಿಂದೊಂದು ಅನುಭವಿಸುವ, ಒಂದೊಂದು ವರ್ಷದ ಮೂರು ಶಿಕ್ಷೆ. ಒಂದು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದವರಿಗೆ ಮಾತ್ರ ಮತದಾರರ ಪಟ್ಟಿಯಲ್ಲಿ ಜಾಗವಿರಲಿಲ್ಲ. ಅವರ ಒಂದೊಂದು ಶಿಕ್ಷೆಯೂ ಒಂದು ವರ್ಷ ಮೀರದ್ದರಿಂದ ಅವರು ಜೈಲಿನಿಂದಲೇ ನಾಮಪತ್ರ ಕೊಟ್ಟರು. 1951ರ ಫೆಬ್ರವರಿಯಲ್ಲಿ ಅಕ್ರಾದಲ್ಲಿ ಚಲಾವಣೆಯಾದ 23,122 ಮತಗಳಲ್ಲಿ 22,780 ಅವರಿಗೆ ಬಿದ್ದವು. ಪಕ್ಷಕ್ಕೆ 38ರಲ್ಲಿ 34 ಸ್ಥಾನ. ಫೆಬ್ರವರಿ 12ರಂದು ಬಿಡುಗಡೆಯಾಗಿ ಬಂದವರನ್ನು ಗವರ್ನರ್ ಸರ್ಕಾರ ರಚಿಸಲು ಕರೆದರು.

ಮಹಿಳೆಯರ ಪಾತ್ರ ಮೆರವಣಿಗೆಗೆ ಸೀಮಿತವಾಗಿತ್ತೇ?

ಇಲ್ಲ, ಸಂಘಟನೆಯ ಕಷ್ಟದ ಕೆಲಸ ಎಷ್ಟೋ ಕಡೆ ಅವರದೇ. ದಾರ್ ಎಸ್ ಸಲಾಮಿನಲ್ಲಿ ಬೀಬಿ ಟೀಟಿ ಮೊಹಮ್ಮದ್ ಮಹಿಳೆಯರ ಕುಣಿತ-ಹಾಡಿನ ತಂಡಗಳ ಮೂಲಕ ಟಾನುಗೆ ಸದಸ್ಯರನ್ನು ಸೇರಿಸಿದರು. ಸರ್ಕಾರಿ ನೌಕರರು ಪಕ್ಷ ಸೇರುವಂತಿಲ್ಲವಾದ್ದರಿಂದ ಓದಿದ ಗಂಡಸರಲ್ಲಿ ಬಹಳಷ್ಟು ಜನ ಹಿಂಜರಿಯುತ್ತಿದ್ದರು. ಆ ತಂಡಗಳ ಹೆಂಗಸರಿಗೆ ಕಳೆದುಕೊಳ್ಳಲು ಸರ್ಕಾರಿ ಕೆಲಸವಿರಲಿಲ್ಲ. ಕರೆದರೆ ಸೇರುವ ಗುಂಪು ಆಗಲೇ ಇತ್ತು. ಪದವಿಗಳ ಹಂಚಿಕೆ ಬಂದಾಗ ಮಾತ್ರ ಅವರಿಗೆ ಸಿಕ್ಕಿದ್ದು ಕಡಿಮೆ, ಇದು ಬಹುತೇಕ ಎಲ್ಲ ದೇಶಗಳಲ್ಲೂ ಆದ ಅನ್ಯಾಯ.

ರಾಜರ ಸಂಸ್ಥಾನಗಳಲ್ಲಿ ಏನಾಯಿತು?

ಕಾಂಗ್ರೆಸ್ ಬಹುಕಾಲ ಸಂಸ್ಥಾನಗಳೊಳಗೆ ನೇರ ಹೋರಾಟಕ್ಕೆ ಇಳಿಯಲಿಲ್ಲ. 1938ರ ಹರಿಪುರ ಅಧಿವೇಶನ ಕೂಡ ಅಲ್ಲಿಯ ಹೋರಾಟ ಅಲ್ಲಿಯ ಜನರ ಸಂಘಟನೆಗಳ ಹೆಸರಿನಲ್ಲೇ ನಡೆಯಲಿ ಎಂದಿತು. ಮೈಸೂರಿನಲ್ಲಿ ಬ್ರಾಹ್ಮಣೇತರರ ಪ್ರಾತಿನಿಧ್ಯಕ್ಕಾಗಿ ಹುಟ್ಟಿದ ಪ್ರಜಾಮಿತ್ರ ಮಂಡಲಿಯೂ ಪ್ರಜಾಪಕ್ಷವೂ ಸೇರಿ ಪ್ರಜಾ ಸಂಯುಕ್ತ ಪಕ್ಷವಾಗಿ, 1937ರಲ್ಲಿ ಕಾಂಗ್ರೆಸ್ಸಿನೊಳಗೆ ಬಂದವು. ಹಳ್ಳಿಯ ಒಕ್ಕಲಿಗ, ಲಿಂಗಾಯತ ಮುಖಂಡರು ಬಂದದ್ದು ಹಾಗೆ. ಮರು ವರ್ಷವೇ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳ 25ರಂದು ವಿದುರಾಶ್ವತ್ಥದ ಗೋಲಿಬಾರು ನಡೆದವು. ಹೈದರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ ಸರಿಯಾಗಿ ಹುಟ್ಟುವ ಮೊದಲೇ ನಿಷೇಧಕ್ಕೆ ಸಿಕ್ಕಿತು.

ಎಷ್ಟೋ ಪಕ್ಷಗಳು ಜನಾಂಗ, ಮತದ ಗೆರೆಯಲ್ಲೇ ಒಡೆದದ್ದು ಯಾಕೆ?

ಜನರ ನಡುವಿನ ಭೇದ ಹಳೆಯದೇ. ಆದರೆ ಅದನ್ನು ಚುನಾವಣೆಯ ನಿಯಮವಾಗಿ ಮಾಡಿದ್ದು ವಸಾಹತು ಸರ್ಕಾರ. ಭಾರತದಲ್ಲಿ 1909ರ ಕಾಯ್ದೆಯ ಪ್ರತ್ಯೇಕ ಮತಕ್ಷೇತ್ರಗಳಲ್ಲಿ ಮುಸ್ಲಿಂ ಅಭ್ಯರ್ಥಿ ಗೆಲ್ಲಲು ಮುಸ್ಲಿಮರ ಮತ ಮಾತ್ರ ಸಾಕಿತ್ತು. ಬೇರೆಯವರ ಮನವೊಲಿಸುವ ಅಗತ್ಯವೇ ಇಲ್ಲದ ಕಡೆ ಅಂಥ ರಾಜಕಾರಣವೇ ಬೆಳೆಯುತ್ತದೆ.

ಕೀನ್ಯಾದ ಉದಾಹರಣೆ ಇನ್ನೂ ನೇರ. ಮೌ ಮೌ ದಂಗೆಯ ಕಾಲದಲ್ಲಿ ಆಫ್ರಿಕನ್ನರ ಪಕ್ಷಗಳನ್ನು ನಿಷೇಧಿಸಲಾಗಿತ್ತು. 1955ರಲ್ಲಿ ನಿಷೇಧ ಸಡಿಲಿಸಿದರೂ ಜಿಲ್ಲಾ ಮಟ್ಟದ ಸಂಘಗಳಿಗೆ ಮಾತ್ರ ಅನುಮತಿ. ಜಿಲ್ಲೆಗಳ ಗಡಿ ಹೆಚ್ಚುಕಡಿಮೆ ಬುಡಕಟ್ಟುಗಳ ಗಡಿಯೇ ಆಗಿತ್ತು. 1960ರಲ್ಲಿ ದೇಶಮಟ್ಟದ ಪಕ್ಷ ಕಟ್ಟುವ ಹೊತ್ತಿಗೆ ಪ್ರತಿಯೊಬ್ಬ ನಾಯಕನ ಬೆನ್ನಿಗೂ ಒಂದೊಂದು ಜಿಲ್ಲೆ ಇತ್ತು. ಕಾನು ಮತ್ತು ಕಾಡು ಎಂಬ ಎರಡು ಪಕ್ಷಗಳಾಗಿ ಸೀಳಿದ್ದರ ಹಿಂದೆ ಈ ಐದು ವರ್ಷಗಳಿವೆ.

ಅಧಿಕಾರ ಹತ್ತಿರ ಬಂದಾಗ ಏನು ಕೆಟ್ಟಿತು?

ಸದಸ್ಯತ್ವದ ಪುಸ್ತಕವೇ ಮೊದಲು ಕೆಟ್ಟಿತು. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದವು. 1936ರಲ್ಲಿ ಸುಮಾರು 5 ಲಕ್ಷವಿದ್ದ ಸದಸ್ಯರು ಎರಡು-ಮೂರು ವರ್ಷಗಳಲ್ಲಿ 45 ಲಕ್ಷದಷ್ಟಾದರು. ಪ್ರತಿನಿಧಿ ಆಯ್ಕೆಯಲ್ಲಿ ಗೆಲ್ಲಲು ತಾವೇ ನಾಲ್ಕಾಣೆ ಕಟ್ಟಿ ಇಲ್ಲದವರ ಹೆಸರು ಸೇರಿಸುವ ಖೊಟ್ಟಿ ಸದಸ್ಯತ್ವ ಹಬ್ಬಿತು. ಗಾಂಧೀಜಿ ಇದನ್ನು ಬಹಿರಂಗವಾಗಿ, ನೊಂದು ಖಂಡಿಸಿದರು. ಬಡವರಿಗೆ ಬಾಗಿಲು ತೆರೆದ ಅದೇ ಅಗ್ಗದ ವಂತಿಗೆ ಇಲ್ಲಿ ಅಡ್ಡದಾರಿಯೂ ಆಯಿತು.

ವಫ್ದ್‌ಗೆ ಬೇರೆ ಬಗೆಯ ಪೆಟ್ಟು ಬಿತ್ತು. 1942ರ ಫೆಬ್ರವರಿ 4ರಂದು ಬ್ರಿಟಿಷ್ ಟ್ಯಾಂಕುಗಳು ಕೈರೋದ ಆಬ್ದೀನ್ ಅರಮನೆಯನ್ನು ಸುತ್ತುವರಿದು, ವಫ್ದ್ ನಾಯಕ ನಹಾಸರನ್ನು ಪ್ರಧಾನಿ ಮಾಡುವಂತೆ ದೊರೆ ಫಾರೂಕರನ್ನು ಒತ್ತಾಯಿಸಿದವು. ಬ್ರಿಟಿಷರ ವಿರುದ್ಧ ಹುಟ್ಟಿದ ಪಕ್ಷ ಬ್ರಿಟಿಷರ ಟ್ಯಾಂಕಿನ ನೆರಳಲ್ಲಿ ಅಧಿಕಾರಕ್ಕೆ ಬಂದದ್ದನ್ನು ಯುವ ಸೈನ್ಯಾಧಿಕಾರಿಗಳು ಮರೆಯಲಿಲ್ಲ. ಹತ್ತು ವರ್ಷಗಳ ನಂತರ ಅಧಿಕಾರ ಹಿಡಿದು, ಪಕ್ಷಗಳನ್ನೆಲ್ಲ ವಿಸರ್ಜಿಸಿದವರು ಅವರೇ.

ಇಂಥ ಒಂದು ಪಕ್ಷವನ್ನು ಅಭ್ಯಾಸ ಮಾಡಬೇಕೆಂದರೆ ಎಲ್ಲಿಂದ ಶುರುಮಾಡಬೇಕು?

ನಿಯಮಾವಳಿಯಿಂದ. ಯಾರು ಸದಸ್ಯರಾಗಬಹುದು, ವಂತಿಗೆ ಎಷ್ಟು, ಅದು ಆ ಕಾಲದ ಎಷ್ಟು ದಿನದ ಕೂಲಿ ಎಂದು ಮೊದಲು ಗುರುತು ಮಾಡಿಕೊಳ್ಳಿ. ಆಮೇಲೆ ಸಮಿತಿಗಳ ಪಟ್ಟಿಯಲ್ಲಿ ವೃತ್ತಿ, ಊರು, ಜಾತಿ ಅಥವಾ ಜನಾಂಗ ನೋಡಿ. ಅಂದಿನ ಸಂಘ, ಪತ್ರಿಕೆ, ಚುನಾವಣೆಯ ಕಾನೂನುಗಳನ್ನು ಪಕ್ಕದಲ್ಲಿಟ್ಟುಕೊಂಡು ಪಕ್ಷದ ತೀರ್ಮಾನಗಳನ್ನು ಓದಿ. ಹುಚ್ಚಾಟದಂತೆ ಕಂಡ ಎಷ್ಟೋ ನಡೆಗಳಿಗೆ ಅಲ್ಲಿ ಕಾರಣ ಸಿಗುತ್ತದೆ.

ಸದಸ್ಯರ ಸಂಖ್ಯೆಯಲ್ಲಿ ಎಚ್ಚರ ಬೇಕು. ಪಕ್ಷದವರು ಇದುವರೆಗೆ ಮಾರಿದ ಒಟ್ಟು ಚೀಟಿಗಳನ್ನು ಲೆಕ್ಕ ಹಿಡಿಯಬಹುದು, ಆ ವರ್ಷ ವಂತಿಗೆ ಕಟ್ಟಿದವರು ಅದಕ್ಕಿಂತ ತೀರಾ ಕಡಿಮೆ ಇರಬಹುದು. ಪೊಲೀಸ್ ವರದಿಗಳಿಗೂ ತಮ್ಮದೇ ಚಾಳಿ ಇದೆ: ಬಂದೋಬಸ್ತಿಗೆ ಹಣ ಬೇಕಾದಾಗ ಅಪಾಯ ಹಿಗ್ಗುತ್ತದೆ, ಮೇಲಧಿಕಾರಿಗೆ ಶಾಂತಿ ತೋರಿಸಬೇಕಾದಾಗ ಕುಗ್ಗುತ್ತದೆ. ಎರಡೂ ಲೆಕ್ಕ ಸಿಕ್ಕಿದರೆ ವಂತಿಗೆಯ ಜಮಾ ಮೊತ್ತವನ್ನು ವಂತಿಗೆಯ ದರದಿಂದ ಭಾಗಿಸಿ ಮೂರನೆಯ ಸಂಖ್ಯೆಯನ್ನು ನೀವೇ ತೆಗೆಯಿರಿ. ಶಾಖೆಗಳು ವಂತಿಗೆಯಲ್ಲಿ ಒಂದು ಪಾಲನ್ನು ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರೆ ಆ ಪಾಲನ್ನೂ ಮೊದಲೇ ಕೂಡಿಸಿಕೊಳ್ಳಬೇಕು.